ಹೋಗಬೇಕಾದ ಬಾಗಿಲನ್ನು ಮೊದಲು ನೋಡು

ಡಿ.ಫಾರ್ಮ್ ಮುಗಿಸಿದವರಿಗೆ ಬಿ.ಫಾರ್ಮ್ ಎರಡನೇ ವರ್ಷಕ್ಕೆ ನೇರ ಪ್ರವೇಶ ಉಂಟು ಎನ್ನುವುದು ಕುರುಗೋಡಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗರಿಗೂ ಗೊತ್ತು. ಅದರ ಒಳಲೆಕ್ಕ ಕೇಳಿದರೆ ಹೇಳುವವರು ಕಡಿಮೆ. ಭಾರತೀಯ ಫಾರ್ಮಸಿ ಕೌನ್ಸಿಲ್‌ನ 2014ರ ಬಿ.ಫಾರ್ಮ್ ನಿಯಮಾವಳಿಯಲ್ಲಿ ಮೊದಲೆರಡು ಸೆಮಿಸ್ಟರಿನ ಗರಿಷ್ಠ ಕ್ರೆಡಿಟ್ 59. ಡಿಪ್ಲೊಮಾದಿಂದ ಬಂದವರಿಗೆ ಅದರಲ್ಲಿ 52 ಕ್ರೆಡಿಟ್ ವರ್ಗವಾಗುತ್ತದೆ. ಉಳಿದ 7 ಕ್ರೆಡಿಟ್ಟನ್ನು ಅವರು ಸೇರಿದ ಮೇಲೆ ಓದಿಯೇ ತುಂಬಬೇಕು: ಸಂವಹನ ಕೌಶಲಕ್ಕೆ 3, ಫಾರ್ಮಸಿಯಲ್ಲಿ ಕಂಪ್ಯೂಟರ್ ಬಳಕೆಗೆ 4, ಎರಡಕ್ಕೂ ಥಿಯರಿ ಮತ್ತು ಪ್ರಾಕ್ಟಿಕಲ್ ಸಮೇತ. ಇನ್ನು ಪಿಯುಸಿ ಮುಗಿಸಿ ಮೊದಲ ವರ್ಷಕ್ಕೇ ಸೇರಿದವರಿಗೂ ಅಲ್ಲಿ ಒಂದು ಸೋಸುವಿಕೆ ಇದೆ. ಜೀವಶಾಸ್ತ್ರ ಓದದೆ ಗಣಿತ ಓದಿ ಬಂದವರಿಗೆ ಪರಿಹಾರಾತ್ಮಕ ಜೀವಶಾಸ್ತ್ರ. ಗಣಿತ ಬಿಟ್ಟು ಜೀವಶಾಸ್ತ್ರ ಓದಿ ಬಂದವರಿಗೆ ಪರಿಹಾರಾತ್ಮಕ ಗಣಿತ.

ತಮ್ಮಾ, ತಂಗೀ, ಇವತ್ತು ನಿಮಗೆ ಹೇಳಬೇಕಾದ ಮಾತೆಲ್ಲ ಈ ಒಂದು ನಿಯಮದಲ್ಲಿದೆ. ಕೆಳಗಿನ ಕೋರ್ಸಿನಲ್ಲಿ ಓದಿದ ವಿಜ್ಞಾನ ಮೇಲಿನ ಕೋರ್ಸಿಗೆ ಬರುತ್ತದೆ, ಖಂಡಿತ ಬರುತ್ತದೆ. ಆದರೆ ಅದು ಇಡಿಯಾಗಿ ಬರುವುದಿಲ್ಲ. ಮೇಲಿನ ಕೋರ್ಸಿನವರು ವಿಷಯ ವಿಷಯವಾಗಿ ನೋಡುತ್ತಾರೆ; ಇದ್ದುದನ್ನು ಒಪ್ಪಿಕೊಳ್ಳುತ್ತಾರೆ, ಇಲ್ಲದ್ದನ್ನು ಓದು ಎನ್ನುತ್ತಾರೆ, ಕೆಲವೊಮ್ಮೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಫಾರ್ಮಸಿಯಲ್ಲಿ ಈ ಲೆಕ್ಕ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ಉಳಿದ ಎಷ್ಟೋ ಕಡೆ ನಾವೇ ಹುಡುಕಬೇಕು. ಸೀಟು ಸಿಕ್ಕಿತಲ್ಲ ಎಂದು ಸೇರಿ, ಮೂರು ವರ್ಷ ಓದಿ, ಆಮೇಲೆ ಮುಂದಿನ ಕೋರ್ಸಿನ ಅರ್ಹತೆಯನ್ನು ಓದುವುದು ನಮ್ಮ ಕಡೆಯ ಮಕ್ಕಳ ವಾಡಿಕೆಯಾಗಿಬಿಟ್ಟಿದೆ. ಇದನ್ನು ತಿರುವಿ ಹಾಕಬೇಕು. ಎಲ್ಲಿಗೆ ಹೋಗಬೇಕೋ ಆ ಕೋರ್ಸಿನ ಅರ್ಹತೆಯ ಪುಟವನ್ನು ಮೊದಲು ಓದಿ, ಆಮೇಲೆ ಇಲ್ಲಿ ಸೇರುವ ಕೋರ್ಸನ್ನೂ ಕಾಂಬಿನೇಷನ್ನನ್ನೂ ಆರಿಸಿಕೊಳ್ಳಿ.

ಎಂಜಿನಿಯರಿಂಗ್ ದಾರಿಯನ್ನೇ ನೋಡೋಣ, ನಮ್ಮಲ್ಲಿ ಹೆಚ್ಚು ಮಕ್ಕಳು ತುಳಿಯುವುದು ಅದನ್ನೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಐಟಿಐ, ಅಲ್ಲಿಂದ ಪಾಲಿಟೆಕ್ನಿಕ್ಕಿನ ಮೂರನೇ ಸೆಮಿಸ್ಟರಿಗೆ, ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ಬಿ.ಇ. ಮೂರನೇ ಸೆಮಿಸ್ಟರಿಗೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇರುವ ಬಳ್ಳಾರಿ ಜಿಲ್ಲೆ ನಮ್ಮದು. ಫಿಟ್ಟರ್, ಎಲೆಕ್ಟ್ರಿಷಿಯನ್ ಓದಿದ ಹುಡುಗ ದುಡಿಯುತ್ತಲೇ ಮೇಲಕ್ಕೆ ಹೋಗಬೇಕು ಎಂದು ಆಸೆಪಡುವುದು ಸಹಜ, ಆ ಆಸೆ ಒಳ್ಳೆಯದು. ಆದರೆ ಈ ದಾರಿಯಲ್ಲಿ ಎರಡು ಸಲ ಮೊದಲ ವರ್ಷ ತಪ್ಪುತ್ತದೆ ಎಂಬುದನ್ನು ಗಮನಿಸಿ. ಡಿಪ್ಲೊಮಾದ ಮೊದಲ ವರ್ಷದ ಗಣಿತ ಮತ್ತು ವಿಜ್ಞಾನ ಐಟಿಐನವನಿಗೆ ಸಿಗುವುದಿಲ್ಲ. ಬಿ.ಇ. ಮೊದಲ ವರ್ಷದ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಡಿಪ್ಲೊಮಾದವನಿಗೆ ಸಿಗುವುದಿಲ್ಲ. ವರ್ಷ ಉಳಿಯಿತು ಎಂದು ಮನೆಯಲ್ಲಿ ಸಂತೋಷಪಡುತ್ತಾರೆ. ಉಳಿದ ವರ್ಷದಲ್ಲಿ ಯಾವ ಪಾಠ ಇತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಇದು ಗೊತ್ತಿದೆ. ಆದ್ದರಿಂದಲೇ ಅದು ತನ್ನ ಸ್ಕೀಮ್‌ಗಳಲ್ಲಿ ಲ್ಯಾಟರಲ್ ಎಂಟ್ರಿಯವರಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟಿತು. 2018ರ ಸ್ಕೀಮ್‌ನಲ್ಲಿ ಆ ಪತ್ರಿಕೆಗಳಿಗೆ ಕ್ರೆಡಿಟ್ಟೇ ಇಲ್ಲ. ಮುಂದಿನ ವರ್ಷಕ್ಕೆ ಹೋಗುವಾಗ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅವನ್ನು ಮುಗಿಸದೆ ಪದವಿ ಇಲ್ಲ. ಕ್ರೆಡಿಟ್ ಇಲ್ಲ, ಎಸ್‌ಜಿಪಿಎಗೆ ಸೇರುವುದಿಲ್ಲ ಎಂದು ಅದನ್ನು ಅಲಕ್ಷ್ಯ ಮಾಡಬೇಡಿ. ಮೂರನೇ ಸೆಮಿಸ್ಟರಿನ ಮುಖ್ಯ ಗಣಿತಕ್ಕೆ ಆಧಾರವಾಗುವ ಕಲನಶಾಸ್ತ್ರ ಇರುವುದು ಆ ಹೆಚ್ಚುವರಿ ಪತ್ರಿಕೆಯಲ್ಲೇ. ಮುಖ್ಯ ಗಣಿತದಲ್ಲಿ ಫೇಲಾದವರನ್ನು ನೋಡಿದರೆ ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ. ಡಿಸಿಇಟಿ ಬರೆದು ರಿಸಲ್ಟಿಗಾಗಿ ಕಾಯುವ ದಿನಗಳಲ್ಲಿ ದ್ವಿತೀಯ ಪಿಯುಸಿಯ ಗಣಿತ ಪುಸ್ತಕ ಹಿಡಿದು ಕೂತರೆ ಅರ್ಧ ಭಾರ ಇಳಿಯುತ್ತದೆ.

ಬಿ.ಎಸ್ಸಿ. ಮುಗಿಸಿದವರಿಗೂ ಬಿ.ಇ. ಎರಡನೇ ವರ್ಷಕ್ಕೆ ಬಾಗಿಲಿದೆ ಎಂಬುದು ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಪಿಯುಸಿಯಲ್ಲಿ ಗಣಿತ ಇರಲೇಬೇಕು. ಡಿಪ್ಲೊಮಾದವರ ಸರದಿ ಮುಗಿದ ಮೇಲೆ ಇವರ ಸರದಿ. ಸೇರಿದ ಮೇಲೆ ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್ ಮತ್ತು ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಎರಡನ್ನೂ ಎರಡನೇ ವರ್ಷದ ವಿಷಯಗಳ ಜೊತೆಗೇ ಪಾಸು ಮಾಡಬೇಕು. ಇಲ್ಲೂ ಅದೇ ನ್ಯಾಯ. ಬಿ.ಎಸ್ಸಿ.ಯವನ ಭೌತಶಾಸ್ತ್ರವನ್ನೂ ಗಣಿತವನ್ನೂ ಒಪ್ಪಿಕೊಂಡರು. ಅವನು ಓದದ ಡ್ರಾಯಿಂಗನ್ನು ಬಿಡಲಿಲ್ಲ.

ಈಗ ಬಿ.ಎಸ್ಸಿ. ವಿಚಾರಕ್ಕೇ ಬರುತ್ತೇನೆ. ಸದ್ಯ ಹೆಚ್ಚು ಗೋಜಲು ಇರುವುದು ಇಲ್ಲಿಯೇ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮ ಬಂತು. ಮೊದಲೆರಡು ವರ್ಷ ಎರಡು ಮುಖ್ಯ ವಿಷಯ, ಮೂರನೇ ವರ್ಷದಲ್ಲಿ ಎರಡನ್ನೂ ಮೇಜರ್ ಆಗಿ ಮುಂದುವರಿಸಬಹುದು, ಇಲ್ಲವೇ ಒಂದು ಮೇಜರ್ ಒಂದು ಮೈನರ್. ನಾಲ್ಕನೇ ವರ್ಷಕ್ಕೆ ಆನರ್ಸ್. 2024-25ರಿಂದ ಸರ್ಕಾರ ಅದನ್ನು ಕೈಬಿಟ್ಟು ರಾಜ್ಯ ಶಿಕ್ಷಣ ನೀತಿಯ (ಎಸ್‌ಇಪಿ) ಹೆಸರಲ್ಲಿ ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿತು. ಹೀಗಾಗಿ ಒಂದೇ ಮನೆಯ ಮಕ್ಕಳ ಮಾರ್ಕ್ಸ್ ಕಾರ್ಡ್ ನೋಡಿದರೆ ಅಕ್ಕನದು ಹಳೆಯ ಸೆಮಿಸ್ಟರ್ ಸ್ಕೀಮ್, ಅಣ್ಣನದು ಎನ್‌ಇಪಿ, ತಂಗಿಯದು ಎಸ್‌ಇಪಿ. ಮೂವರದ್ದೂ ಬಿ.ಎಸ್ಸಿ.ಯೇ, ಮೂವರೂ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದವರೇ. ಆದರೆ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೋ ಬಿ.ಎಡ್.ಗೋ ಅರ್ಜಿ ಹಾಕುವಾಗ ಮೂವರ ಕಾಗದವನ್ನೂ ಬೇರೆ ಬೇರೆಯಾಗಿ ಓದಬೇಕಾಗುತ್ತದೆ.

ಎನ್‌ಇಪಿ ಬ್ಯಾಚಿನವರಿಗೆ ನಾನು ವಿಶೇಷವಾಗಿ ಹೇಳುವುದಿದೆ. ಅಂಕ ಚೆನ್ನಾಗಿ ಬರುತ್ತದೆ ಎಂದು ಸಸ್ಯಶಾಸ್ತ್ರವನ್ನು ಮೇಜರ್ ಮಾಡಿ ರಸಾಯನವನ್ನು ಮೈನರಿಗೆ ಇಳಿಸಿದವರು, ಎಂ.ಎಸ್ಸಿ. ಪ್ರವೇಶದ ಪ್ರಕಟಣೆ ಬಂದಾಗ ಆ ಒಂದು ಸಾಲನ್ನು ಕಣ್ಣಿಟ್ಟು ಓದಬೇಕು: ಪದವಿಯಲ್ಲಿ ಆ ವಿಷಯವನ್ನು ಎಷ್ಟು ಸೆಮಿಸ್ಟರ್ ಓದಿರಬೇಕು, ಮೇಜರ್ ಆಗಿರಲೇಬೇಕೇ, ಮೈನರ್ ಸಾಕೇ. ಶಾಲಾ ಶಿಕ್ಷಕರಾಗಬೇಕು ಎನ್ನುವವರಿಗೆ ಇದು ಇನ್ನೂ ಮುಖ್ಯ. ಬಿ.ಎಡ್.ನಲ್ಲಿ ಬೋಧನೆಗೆ ಎರಡು ಶಾಲಾ ವಿಷಯ ತೆಗೆದುಕೊಳ್ಳಬೇಕು. ಆ ಎರಡಕ್ಕೂ ಪದವಿಯ ಮಾರ್ಕ್ಸ್ ಕಾರ್ಡಿನಲ್ಲಿ ಆಧಾರ ಇರಬೇಕು. ನೇಮಕಾತಿ ಬಂದಾಗ ಆಯ್ಕೆ ಮಾಡುವವರು ಮತ್ತೆ ನೋಡುವುದೂ ಆ ಮಾರ್ಕ್ಸ್ ಕಾರ್ಡನ್ನೇ. ಬಿ.ಎಡ್. ಸರ್ಟಿಫಿಕೇಟು ಕೈಯಲ್ಲಿದ್ದೂ ಪದವಿಯ ವಿಷಯ ಹೊಂದಲಿಲ್ಲ ಎಂದು ದಾಖಲೆ ಪರಿಶೀಲನೆಯಲ್ಲಿ ಹಿಂದೆ ಬಿದ್ದ ಮಕ್ಕಳ ಸಂಕಟ ಬಹಳ ದೊಡ್ಡದು. ಆ ವಯಸ್ಸಿನಲ್ಲಿ ಮತ್ತೆ ಬಿ.ಎಸ್ಸಿ. ಓದು ಎಂದು ಯಾರಿಗೆ ಹೇಳುವುದು?

ನಡುವೆ ಓದು ಬಿಟ್ಟವರ ಕಷ್ಟ ಬೇರೆ. ಎನ್‌ಇಪಿಯಲ್ಲಿ ಮೂರು ಸೆಮಿಸ್ಟರ್ ಓದಿ, ಮದುವೆಯೆಂದೋ ಹೊಲದ ಕೆಲಸವೆಂದೋ ಜೀನ್ಸ್ ಘಟಕದ ಕೂಲಿಯೆಂದೋ ಬಿಟ್ಟ ಹುಡುಗಿ ಈಗ ಮತ್ತೆ ಸೇರಬೇಕೆಂದರೆ ತರಗತಿಯಲ್ಲಿ ನಡೆಯುತ್ತಿರುವ ಪಠ್ಯಕ್ರಮವೇ ಬೇರೆಯಾಗಿರುತ್ತದೆ. ಅವಳು ಪಾಸಾದ ಪತ್ರಿಕೆಗೆ ಹೊಸದರಲ್ಲಿ ಯಾವುದು ಸಮ, ಯಾವುದನ್ನು ಹೊಸದಾಗಿ ಬರೆಯಬೇಕು ಎಂಬುದನ್ನು ತೀರ್ಮಾನಿಸುವುದು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ. ಕಾಗದದಲ್ಲಿ ಉತ್ತರ ಕೊಡಬೇಕಾದವರು ಕುಲಸಚಿವರ ಕಚೇರಿಯವರು. ಕಾಲೇಜಿನ ಗುಮಾಸ್ತರು ಎಷ್ಟೇ ಒಳ್ಳೆಯವರಿರಲಿ, ಈ ಮಾತನ್ನು ಅವರ ಬಾಯಿಂದ ಕೇಳಿ ನಂಬಿ ಕೂರಬೇಡಮ್ಮಾ. ಪ್ರಾಂಶುಪಾಲರ ಮೂಲಕ ಒಂದು ಅರ್ಜಿ ಬರೆದು, ಹಳೆಯ ಮಾರ್ಕ್ಸ್ ಕಾರ್ಡುಗಳ ಪ್ರತಿ ಲಗತ್ತಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬಾ. ಉತ್ತರ ತಡವಾಗಬಹುದು. ಆದರೂ ಕಾಗದದಲ್ಲಿ ಬಂದ ಉತ್ತರ ಮುಂದಿನ ವರ್ಷ ಅಧಿಕಾರಿ ಬದಲಾದರೂ ನಿನ್ನ ಕೈಯಲ್ಲಿ ಇರುತ್ತದೆ.

ನಮ್ಮ ಊರಿಗೆ ಈ ಬದಲಾವಣೆ ಹೊಸದೇನಲ್ಲ. 1945ರಲ್ಲಿ ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಶುರುವಾದಾಗ ಅದು ಮದರಾಸು ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಇಲ್ಲಿನ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಗೆ ಬಂದವು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆಯಿತು, 2010ರಲ್ಲಿ ಬಳ್ಳಾರಿಗೇ ವಿಶ್ವವಿದ್ಯಾಲಯ ಬಂತು. ತಾತ, ಅಪ್ಪ, ಮಗಳು ಮೂವರೂ ಇದೇ ಊರಲ್ಲಿ ಓದಿ ಮೂರು ವಿಶ್ವವಿದ್ಯಾಲಯಗಳ ಸರ್ಟಿಫಿಕೇಟು ಇಟ್ಟುಕೊಂಡ ಮನೆಗಳು ಇಲ್ಲಿವೆ. ವಿಶ್ವವಿದ್ಯಾಲಯ ಬದಲಾದಾಗಲೆಲ್ಲ ನಡುವಿನ ಬ್ಯಾಚಿನವರು ಹಳೆಯ ಕಚೇರಿಗೂ ಹೊಸ ಕಚೇರಿಗೂ ಓಡಾಡಿದ್ದಾರೆ. ಅಪ್ಪನ ಕಾಲದ ಸರ್ಟಿಫಿಕೇಟಿನ ನೈಜತೆ ದೃಢೀಕರಿಸಬೇಕಾದರೆ ಇವತ್ತಿಗೂ ಕಲಬುರಗಿಗೆ ಬರೆಯಬೇಕು. ಬಳ್ಳಾರಿಯ ವಿಶ್ವವಿದ್ಯಾಲಯ ಮನೆಯ ಹತ್ತಿರ ಇದೆಯೆಂದು ಅದು ಹಳೆಯ ವಿಶ್ವವಿದ್ಯಾಲಯದ ಕಾಗದಕ್ಕೆ ಮುದ್ರೆ ಹಾಕಲಾಗದು.

ಇನ್ನು ಆಂಧ್ರದ ಗಡಿಯ ಮಾತು. ಸಿರುಗುಪ್ಪದಿಂದ ಆದೋನಿ, ಬಳ್ಳಾರಿಯಿಂದ ಗುಂತಕಲ್ಲು, ರಾಯದುರ್ಗ ಎಷ್ಟು ಹತ್ತಿರ ಎಂದು ನಿಮಗೆ ಹೇಳಬೇಕಿಲ್ಲ. ಅತ್ತಲಿಂದ ಇಂಟರ್‌ಮೀಡಿಯೆಟ್ ಮುಗಿಸಿ ಇತ್ತ ಪದವಿಗೆ ಬರುವ ಕನ್ನಡದ ಮಕ್ಕಳಿದ್ದಾರೆ. ಅಲ್ಲಿ ಎಂಪಿಸಿ ಅಂದರೆ ಗಣಿತ, ಭೌತ, ರಸಾಯನ. ಬೈಪಿಸಿ ಅಂದರೆ ಜೀವಶಾಸ್ತ್ರ, ಭೌತ, ರಸಾಯನ, ಅದರಲ್ಲಿ ಮೊದಲು ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಬೇರೆ ಬೇರೆ ಪತ್ರಿಕೆಗಳಾಗಿದ್ದವು. ಇಲ್ಲಿ ಪಿಸಿಎಂಬಿ ಓದಿದವನಿಗೆ ಎರಡು ಬಾಗಿಲೂ ತೆರೆದಿರುತ್ತವೆ. ಬೈಪಿಸಿಯವನಿಗೆ ಗಣಿತ ಕೇಳುವ ಬಾಗಿಲು ಮುಚ್ಚಿರುತ್ತದೆ. ಬೇರೆ ರಾಜ್ಯದ ಬೋರ್ಡಿನಿಂದ ಬಂದವರು ಅಲ್ಲಿಂದ ಮೈಗ್ರೇಷನ್ ಸರ್ಟಿಫಿಕೇಟು ತರಬೇಕು, ಇಲ್ಲಿನ ವಿಶ್ವವಿದ್ಯಾಲಯದಿಂದ ಅರ್ಹತಾ ಪತ್ರ ಪಡೆಯಬೇಕು. ಪ್ರವೇಶವಾದ ಮೇಲೆ ನೋಡೋಣ ಎಂದು ಇದನ್ನು ಮುಂದೂಡಬೇಡಿ. ಪರೀಕ್ಷೆಯ ಹಾಲ್ ಟಿಕೆಟ್ ಬರುವ ಹೊತ್ತಿಗೆ ಇದು ನೆನಪಾದರೆ ಬಸ್ಸು ಹತ್ತಿ ಓಡಬೇಕಾಗುತ್ತದೆ. ಗಡಿನಾಡು ಕನ್ನಡಿಗರಿಗೆ ಸಿಇಟಿಯಲ್ಲಿ ಪ್ರತ್ಯೇಕ ಅರ್ಹತಾ ಕಲಂ ಇದೆ, ಪರೀಕ್ಷಾ ಪ್ರಾಧಿಕಾರ ಅದಕ್ಕಾಗಿ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಆ ಹಕ್ಕನ್ನು ಬಿಟ್ಟುಕೊಡಬೇಡಿ.

ಹಾಗೆಯೇ ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದವರಾದ ನಮಗೆ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲಿದೆ. ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಮಾಡಿಸಿಡಿ. ಆದರೆ ಒಂದು ತಿಳಿದಿರಲಿ: ಮೀಸಲಾತಿ ಸೀಟು ಕೊಡುತ್ತದೆ, ಪಿಯುಸಿಯಲ್ಲಿ ಓದದ ಗಣಿತವನ್ನು ಕೊಡುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ವಿಜ್ಞಾನದ ಕ್ರೆಡಿಟ್ ಅಂದರೆ ಅರ್ಧ ಲ್ಯಾಬು. ಎನ್‌ಇಪಿಯ ಬಿ.ಎಸ್ಸಿ.ಯಲ್ಲಿ ಒಂದು ಮುಖ್ಯ ವಿಷಯಕ್ಕೆ ಸೆಮಿಸ್ಟರಿಗೆ ಥಿಯರಿ 4 ಕ್ರೆಡಿಟ್, ಪ್ರಾಕ್ಟಿಕಲ್ 2 ಕ್ರೆಡಿಟ್. ಥಿಯರಿಗೆ ವಾರಕ್ಕೆ ಒಂದು ತಾಸಿಗೆ ಒಂದು ಕ್ರೆಡಿಟ್, ಪ್ರಾಕ್ಟಿಕಲ್‌ಗೆ ಎರಡು ತಾಸಿಗೆ ಒಂದು. ಅಂದರೆ ಆ 2 ಕ್ರೆಡಿಟ್ಟಿಗಾಗಿ ವಾರಕ್ಕೆ 4 ತಾಸು ಲ್ಯಾಬಿನಲ್ಲಿ ನಿಲ್ಲಬೇಕು, ಥಿಯರಿಯಷ್ಟೇ ಸಮಯ. ಸಿರುಗುಪ್ಪ, ತೆಕ್ಕಲಕೋಟೆ, ಕುರುಗೋಡಿನಿಂದ ಪಾಸಿನಲ್ಲಿ ಬಸ್ಸಿಗೆ ಬರುವ ಮಕ್ಕಳಿಗೆ ಮಧ್ಯಾಹ್ನದ ಪ್ರಾಕ್ಟಿಕಲ್ ಬ್ಯಾಚು ದೊಡ್ಡ ಪರೀಕ್ಷೆ. ಕೊನೆಗೆ ನಿಂತರೆ ಬಸ್ಸು ತಪ್ಪುತ್ತದೆ, ಮನೆಯಲ್ಲಿ ಕತ್ತಲಾಯಿತೆಂದು ಕಾಯುತ್ತಾರೆ. ಹೆಣ್ಣುಮಕ್ಕಳಾದರೆ ನಾಳೆಯಿಂದ ಕಾಲೇಜೇ ಬೇಡ ಎನ್ನುವ ಮಾತೂ ಬರುತ್ತದೆ. ಹಾಗಾಗಿ ರೀಡಿಂಗ್ ತೆಗೆದುಕೊಳ್ಳುವ ಮೊದಲೇ ಗೆಳತಿಯ ರೆಕಾರ್ಡಿನಿಂದ ಬರೆದುಕೊಂಡು ಹೊರಡುವುದು ಅಭ್ಯಾಸವಾಗುತ್ತದೆ. ರೆಕಾರ್ಡಿಗೆ ಸಹಿ ಬೀಳುತ್ತದೆ, ಕ್ರೆಡಿಟ್ಟೂ ಬೀಳುತ್ತದೆ. ಆದರೆ ಎಂ.ಎಸ್ಸಿ. ಮೊದಲ ವಾರ ಬ್ಯೂರೆಟ್ ಹಿಡಿದು ಟೈಟ್ರೇಷನ್ ಮಾಡು ಎಂದಾಗ, ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿನ ಸ್ಲೈಡು ಹೊಂದಿಸು ಎಂದಾಗ, ವರ್ಗವಾಗಿ ಬಂದ ಕ್ರೆಡಿಟ್ ನೆರವಿಗೆ ಬರುವುದಿಲ್ಲ.

ಇದನ್ನು ಮಕ್ಕಳಿಗೆ ಮಾತ್ರ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಕಾಲೇಜಿನವರೂ ಕೇಳಬೇಕು. ದೂರದ ಊರಿನ ಮಕ್ಕಳನ್ನು ಬೆಳಗಿನ ಬ್ಯಾಚಿಗೆ ಹಾಕುವುದು ಟೈಮ್‌ಟೇಬಲ್ಲಿನ ಒಂದು ಸಣ್ಣ ತಿದ್ದುಪಡಿ. ತಂದೆತಾಯಿಗಳೇ, ನಿಮ್ಮಲ್ಲೂ ಕೇಳಿಕೊಳ್ಳುತ್ತೇನೆ: ವಾರದಲ್ಲಿ ಎರಡು ದಿನ ಮಗಳು ತಡವಾಗಿ ಬರುತ್ತಾಳೆ, ಅವಳು ಲ್ಯಾಬಿನಲ್ಲಿರುತ್ತಾಳೆ ಎಂದು ಮೊದಲೇ ತಿಳಿದುಕೊಂಡು ಬಸ್ ಸ್ಟ್ಯಾಂಡಿಗೆ ಯಾರಾದರೊಬ್ಬರು ಹೋಗಿ ನಿಲ್ಲಿ. ಭತ್ತದ ನಾಟಿ ಕಾಲದಲ್ಲಿ ನೀರು ಬಿಡಲು ನಡುರಾತ್ರಿ ಗದ್ದೆಗೆ ಹೋಗುವ ಸಿರುಗುಪ್ಪದ ರೈತನಿಗೆ ಇದು ಹೆಚ್ಚಿನ ಕೆಲಸವಲ್ಲ.

ಆನ್‌ಲೈನ್ ಕೋರ್ಸಿನವರಿಗೂ ಇದೇ ಲ್ಯಾಬಿನ ಮಾತು ಅನ್ವಯಿಸುತ್ತದೆ. ಸ್ವಯಂ ವೇದಿಕೆಯಲ್ಲಿ ಐಐಟಿಗಳ, ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠ ಸಿಗುತ್ತದೆ. ಕುರುಗೋಡಿನ ಮನೆಯಲ್ಲಿ ಕೂತು ಕೇಳಬಹುದು, ಇದು ನಮ್ಮ ಕಾಲದಲ್ಲಿ ಕನಸಿಗೂ ಮೀರಿದ್ದು. 2021ರ ಯುಜಿಸಿ ನಿಯಮದಂತೆ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಒಪ್ಪಬಹುದು. ಒಪ್ಪಬಹುದು ಎನ್ನುವುದನ್ನು ಗಮನಿಸಿ. ಯಾವ ಕೋರ್ಸನ್ನು ಒಪ್ಪುತ್ತದೆ ಎಂಬ ಪಟ್ಟಿಯನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ಕಾಲೇಜಿನ ಸಂಯೋಜಕರಲ್ಲಿ ಕೇಳಬೇಕು. ಕೋರ್ಸು ಮುಗಿಸಿ, ಪರೀಕ್ಷೆ ಬರೆದು, ಆಮೇಲೆ ಇದು ನಡೆಯುತ್ತದೆಯೇ ಎಂದು ಕೇಳಿದರೆ ಜ್ಞಾನ ಸಿಕ್ಕಿರುತ್ತದೆ, ಕ್ರೆಡಿಟ್ ಸಿಕ್ಕಿರುವುದಿಲ್ಲ. ಪ್ರಾಕ್ಟಿಕಲ್ ಮಾತ್ರ ಕಾಲೇಜಿನಲ್ಲೇ ಮಾಡಬೇಕು.

ಇವೆಲ್ಲ ಕ್ರೆಡಿಟ್ ಕೂಡಿಡಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬುದು 2021ರ ಜುಲೈನಿಂದ ಇದೆ. ಡಿಜಿಲಾಕರ್ ಮೂಲಕ ತೆರೆಯುವ ಖಾತೆ. ಈಗ 12 ಅಂಕಿಯ ಅಪಾರ್ ಸಂಖ್ಯೆಗೆ ಜೋಡಿಸುತ್ತಾರೆ. ಅದರಲ್ಲಿಟ್ಟ ಕ್ರೆಡಿಟ್‌ಗೆ ಗರಿಷ್ಠ 7 ವರ್ಷದ ಆಯುಸ್ಸು. ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಶೇ 50 ಕ್ರೆಡಿಟ್ ಗಳಿಸಿರಬೇಕು. ಖಾತೆಗೆ ಕ್ರೆಡಿಟ್ ತುಂಬುವುದು ವಿಶ್ವವಿದ್ಯಾಲಯದ ಕೆಲಸ, ನಿಮ್ಮದಲ್ಲ. ತುಂಬಿದೆಯೋ ಇಲ್ಲವೋ ಎಂದು ಪ್ರತಿ ಸೆಮಿಸ್ಟರ್ ತೆರೆದು ನೋಡುವುದು ನಿಮ್ಮ ಕೆಲಸ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರು, ಹೀಗೆ ನಮ್ಮ ಕಡೆಯ ಹೆಸರುಗಳು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತವೆ. ಖಾತೆಯ ವಿವರ ತಾಳೆಯಾಗದಿರುವುದಕ್ಕೆ ಬಹಳ ಸಲ ಇದೇ ಕಾರಣ. ಮೊದಲ ವರ್ಷವೇ ಸರಿಮಾಡಿಸಿಕೊಳ್ಳಿ. ಈ ಬ್ಯಾಂಕಿನಲ್ಲಿ ಎಷ್ಟೇ ಕ್ರೆಡಿಟ್ ಇರಲಿ, ಅದು ಯಾವ ವಿಷಯದ ಯಾವ ಪಾಠಕ್ಕೆ ಸಮ ಎಂದು ಹೇಳುವುದು ಮಾತ್ರ ನೀವು ಸೇರುವ ವಿಭಾಗ.

ಆಸ್ಪತ್ರೆಯ ಕೆಲಸದ ಕಡೆ ಮನಸ್ಸಿರುವವರಿಗೆ ಎರಡು ಮಾತು. ಜಿಎನ್‌ಎಂ ನರ್ಸಿಂಗಿಗೆ ಯಾವ ವಿಭಾಗದಲ್ಲಿ ಪಿಯುಸಿ ಓದಿದವರಾದರೂ ಸೇರಬಹುದು, ಬಿ.ಎಸ್ಸಿ. ನರ್ಸಿಂಗಿಗೆ ಭೌತ, ರಸಾಯನ, ಜೀವಶಾಸ್ತ್ರ ಬೇಕು. ಕಲಾ ವಿಭಾಗದಿಂದ ಬಂದ ಹುಡುಗಿಗೆ ಜಿಎನ್‌ಎಂ ಮುಗಿಸಿ, ನೋಂದಣಿ ಮಾಡಿಸಿ, ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವ ದಾರಿ ಇದೆ. ಗೌರವದ ದಾರಿ ಅದು, ಅಡ್ಡದಾರಿಯಲ್ಲ. ಪ್ಯಾರಾಮೆಡಿಕಲ್ ಡಿಪ್ಲೊಮಾದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿಗೆ ಎರಡನೇ ವರ್ಷಕ್ಕೆ ಸೇರುವಾಗ, ಡಿಪ್ಲೊಮಾದಲ್ಲಿ ಓದಿದ ವಿಷಯದ ಪದವಿಗೇ ಸೇರಬೇಕು. ಲ್ಯಾಬ್ ಟೆಕ್ನಿಷಿಯನ್ ಓದಿದವರು ಇಮೇಜಿಂಗ್ ಪದವಿಯ ಎರಡನೇ ವರ್ಷಕ್ಕೆ ಹೋಗಲಾಗದು. ಇನ್ನು ಪಿಸಿಎಂ ಓದಿ ವೈದ್ಯಕೀಯದ ಮೇಲೆ ಮನಸ್ಸು ಹೊರಳಿದವರಿಗೂ 2023ರ ನವೆಂಬರಿನಿಂದ ದಾರಿ ತೆರೆದಿದೆ. ಹನ್ನೆರಡನೇ ತರಗತಿಯ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯ ಬೋರ್ಡಿನಿಂದ ಪಾಸು ಮಾಡಿದವರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸಿತು. ಬಿಟ್ಟುಹೋದ ವಿಷಯವನ್ನು ಆಮೇಲೆ ಓದಿ ಸೇರಿಸಿಕೊಳ್ಳಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಪ್ರಕಟಣೆ ನಮ್ಮಲ್ಲಿ ವಿರಳ.

ಇದೇ ವಿಷಯದಲ್ಲಿ ಅಮೆರಿಕದಲ್ಲಿರುವ ನಮ್ಮವರ ಅನುಭವವನ್ನೂ ಹೇಳಬೇಕು. ಅಲ್ಲಿ ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಕಡಿಮೆ ಫೀ, ಅಲ್ಲಿ ಓದಿ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗುತ್ತಾರೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಇಂಥ 116 ಕಾಲೇಜುಗಳಿವೆ. ಯಾವ ಕಾಲೇಜಿನ ಯಾವ ರಸಾಯನ ಪತ್ರಿಕೆ ಯಾವ ವಿಶ್ವವಿದ್ಯಾಲಯದ ಯಾವ ಪತ್ರಿಕೆಗೆ ಸಮ ಎಂಬ ಪಟ್ಟಿಯನ್ನು ಅಸಿಸ್ಟ್ ಎಂಬ ಸರ್ಕಾರಿ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಹುಡುಗ ಸೇರುವ ಮೊದಲೇ ನೋಡಿಕೊಳ್ಳುತ್ತಾನೆ. ಬಳ್ಳಾರಿಯಲ್ಲಿ ಬಿ.ಎಸ್ಸಿ. ಓದಿ ಮದುವೆಯಾಗಿ ಅಲ್ಲಿಗೆ ಹೋದ ಹೆಣ್ಣುಮಕ್ಕಳು ನರ್ಸಿಂಗ್ ಓದಬೇಕೆಂದಾಗ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರವನ್ನು ಲ್ಯಾಬ್ ಸಮೇತ ಮೊದಲು ಮುಗಿಸಿ ಬಾ ಎನ್ನುತ್ತಾರೆ. ಇಲ್ಲಿನ ಪದವಿಯನ್ನು ವಿಷಯವಾರು ಮೌಲ್ಯಮಾಪನ ಮಾಡಿಸಬೇಕು. ವಿಶ್ವವಿದ್ಯಾಲಯವೇ ಕಳಿಸಿದ ಅಂಕಪಟ್ಟಿ ಬೇಕು, ಆ ವರ್ಷದ ಪಠ್ಯಕ್ರಮ ಬೇಕಾಗಬಹುದು. ವಿಜ್ಞಾನದ ಓದು ಹಳತಾಗಿದ್ದರೆ ಹಲವು ಕಾಲೇಜುಗಳು ಒಪ್ಪುವುದಿಲ್ಲ. ಆಗ ಅಲ್ಲಿಂದ ತವರಿಗೆ ಫೋನು ಬರುತ್ತದೆ, ಹಳೆಯ ಸಿಲಬಸ್ ಹುಡುಕಿ ಕಳಿಸಿ ಎಂದು. ಹುಡುಕಿದರೆ ಮನೆಯಲ್ಲಿ ಮದುವೆಯ ಆಲ್ಬಮ್ ಸಿಗುತ್ತದೆ, ಸಿಲಬಸ್ ಸಿಗುವುದಿಲ್ಲ.

ಆದ್ದರಿಂದ ಸಿಲಬಸ್ ಇಟ್ಟುಕೊಳ್ಳಿ. ಪ್ರತಿ ಸೆಮಿಸ್ಟರಿನ ಪಠ್ಯಕ್ರಮದ ಪ್ರತಿಗೆ ವಿಭಾಗದ ಮುಖ್ಯಸ್ಥರ ಸಹಿ, ಕಾಲೇಜಿನ ಮುದ್ರೆ. ಪ್ರಾಕ್ಟಿಕಲ್ ರೆಕಾರ್ಡಿನ ಸರ್ಟಿಫಿಕೇಟ್ ಪುಟ. ಎಲ್ಲ ಮಾರ್ಕ್ಸ್ ಕಾರ್ಡು. ಟಿಸಿ ಕೊಡುವ ಮುನ್ನ ಅದರ ನಕಲು. ರೆಕಾರ್ಡನ್ನು ಕಿರಿಯರಿಗೆ ಕೊಟ್ಟುಬಿಡುವ ಒಳ್ಳೆಯ ಮನಸ್ಸು ನಿಮ್ಮದು. ಕೊಡಿ, ಮೊದಲ ಪುಟದ ಚಿತ್ರ ತೆಗೆದುಕೊಂಡು ಕೊಡಿ.

ನಾವು ಹೊಂದಿಸಿ ಕೊಡುತ್ತೇವೆ, ನೇರ ಎರಡನೇ ವರ್ಷ ಮಾಡಿಸುತ್ತೇವೆ, ಕ್ಲಾಸಿಗೆ ಬರುವುದೇ ಬೇಡ ಎನ್ನುವ ಏಜೆಂಟರು ಬಳ್ಳಾರಿಯಲ್ಲೂ ಬೇಕಾದಷ್ಟು ಇದ್ದಾರೆ. ಆ ಕಾಲೇಜಿನ ಹೆಸರು ಆ ವರ್ಷದ ಫಾರ್ಮಸಿ ಕೌನ್ಸಿಲ್, ನರ್ಸಿಂಗ್ ಕೌನ್ಸಿಲ್ ಅಥವಾ ವಿಶ್ವವಿದ್ಯಾಲಯದ ಪಟ್ಟಿಯಲ್ಲಿದೆಯೇ ನೋಡಿ. ದೂರಶಿಕ್ಷಣವಾದರೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಪಟ್ಟಿ ನೋಡಿ, ಅದೂ ನೀವು ಸೇರುವ ವರ್ಷದ್ದು, ನೀವು ಸೇರುವ ಕೋರ್ಸಿನದ್ದು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಸರ್ಕಾರಿ ಸಂಸ್ಥೆಗೂ 2013-14ರಿಂದ ಮಾನ್ಯತೆ ನಿಂತು, 2018-19ರಿಂದ ಮತ್ತೆ ದೊರೆಯಿತು. ನಡುವಿನ ವರ್ಷಗಳ ಕಾಗದ ಹಿಡಿದವರು ಪಟ್ಟ ಪಾಡು ಈ ಭಾಗದ ಹಲವು ಮನೆಗಳಿಗೆ ಗೊತ್ತು.

ನಮ್ಮ ವಿಶ್ವವಿದ್ಯಾಲಯಕ್ಕೆ ನನ್ನ ಒಂದು ಬೇಡಿಕೆ ಇದೆ. ಹಳೆಯ ಸ್ಕೀಮ್, ಎನ್‌ಇಪಿ, ಎಸ್‌ಇಪಿ ಮೂರರ ವಿಜ್ಞಾನ ಪತ್ರಿಕೆಗಳಲ್ಲಿ ಯಾವುದಕ್ಕೆ ಯಾವುದು ಸಮ, ಯಾವ ಎಂ.ಎಸ್ಸಿ.ಗೆ ಯಾವುದು ಸಾಕು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿ ಸಿರುಗುಪ್ಪ, ಕುರುಗೋಡು, ಸಂಡೂರು, ಕಂಪ್ಲಿಯ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಬೇಕು. ಅಧ್ಯಯನ ಮಂಡಳಿಗಳು ಕೂತರೆ ಒಂದು ಬೇಸಿಗೆ ರಜೆಯಲ್ಲಿ ಆಗುವ ಕೆಲಸವಿದು. ಅದು ಆಗುವ ತನಕ, ತಮ್ಮಾ, ತಂಗೀ, ಈ ಸಲ ಫೀ ಕಟ್ಟುವ ಮುನ್ನ ಮುಂದೆ ಸೇರಬೇಕೆಂದಿರುವ ಕೋರ್ಸಿನ ಅರ್ಹತೆಯ ಪುಟವನ್ನು ಅಚ್ಚು ಹಾಕಿಸಿ, ನಿಮ್ಮ ಕಾಲೇಜಿನ ಸಿಲಬಸ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ಹೊಂದದ ಸಾಲು ಒಂದು ಕಂಡರೂ ಅರ್ಜಿ ಬರೆದು ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆಯಿರಿ.